ಮೊಳೆಗೆ ತೂಗಿದ ಪದಕಗಳು: ಎರಿಕ್ ಲಿಡೆಲ್ ಅವರ ಓಟದಿಂದ ನಮಗೊಂದು ಪಾಠ

  ದಯವಿಟ್ಟು ಕೂತ್ಕೊಳ್ಳಿ. ಬೈಬಲ್ ತಂದಿರೋರು, ಮೊಬೈಲ್‌ನಲ್ಲಿ ಓದೋರು, ಎಲ್ಲರೂ 1 ಕೊರಿಂಥ 9ನೇ ಅಧ್ಯಾಯ ತೆಗೆದಿಟ್ಕೊಳ್ಳಿ. 24ನೇ ವಚನದಿಂದ ಅಧ್ಯಾಯದ ಕೊನೆವರೆಗೆ ಮನೆಗೆ ಹೋಗಿ ಇನ್ನೊಂದ್ಸಲ ನಿಧಾನವಾಗಿ ಓದಿ.

ಪೌಲನು ಇಲ್ಲಿ ಓಟದ ವಿಷಯ ತೆಗೆಯುತ್ತಾನೆ. ಕೊರಿಂಥದವರಿಗೆ ಓಟ ಚೆನ್ನಾಗಿ ಗೊತ್ತಿತ್ತು. ಅವರ ಊರಿನ ಪಕ್ಕದಲ್ಲೇ ಎರಡು ವರ್ಷಕ್ಕೊಮ್ಮೆ ಇಸ್ತ್ಮಿಯ ಕ್ರೀಡೆಗಳು ನಡೆಯುತ್ತಿದ್ದವು. ಗೆದ್ದವನಿಗೆ ಸಿಗುತ್ತಿದ್ದದ್ದು ಎಲೆಯ ಕಿರೀಟ. ನಾಲ್ಕು ದಿನ ಕಳೆದರೆ ಬಾಡಿ ಉದುರಿ ಹೋಗುವಂಥದ್ದು. ಆ ಎಲೆಗೋಸ್ಕರ ಜನ ತಿಂಗಳುಗಟ್ಟಲೆ ಬಾಯಿ ಕಟ್ಟಿ, ಮೈ ದಂಡಿಸಿ ಓಡುತ್ತಿದ್ದರು. ಹಾಗಾದ್ರೆ ಬಾಡದೇ ಇರುವ ಕಿರೀಟಕ್ಕೆ ನಾವು ಹೇಗೆ ಓಡಬೇಕು ಅನ್ನೋದು ಪೌಲನ ಪ್ರಶ್ನೆ.

ನಿಮ್ಮಲ್ಲಿ ಕೆಲವರಿಗೆ ಗೊತ್ತು, ನಾನೂ ಓಡ್ತೀನಿ. ಚಾಂಪಿಯನ್ ಏನಲ್ಲ. ಸೋಮವಾರದಿಂದ ಶುಕ್ರವಾರದವರೆಗೆ ಆಫೀಸಲ್ಲಿ ಕೂತು ಕೂತು ಸೊಂಟ ಹಿಡ್ಕೊಂಡ ಮೇಲೆ ಓಡೋಕೆ ಶುರು ಮಾಡಿದವನು. ನಮ್ಮ ಮನೆ ರೂಮಿನ ಬಾಗಿಲ ಹಿಂದೆ ಒಂದು ಮೊಳೆ ಇದೆ. ಅದಕ್ಕೆ 17 ಪದಕ ತೂಗಾಡ್ತಿವೆ. ಬಾಗಿಲು ಹಾಕಿದಾಗೆಲ್ಲ ಗಲಗಲ ಅನ್ನುತ್ತೆ. ನನ್ನ ಹೆಂಡತಿಗೆ ಆ ಸದ್ದು ಆಗಲ್ಲ. ಎಷ್ಟೋ ಸಲ ಹೇಳಿದ್ದಾಳೆ, ಒಂದು ಡಬ್ಬಕ್ಕೆ ಹಾಕಿ ಮೇಲಿಡಿ ಅಂತ. ಪದಕ ಅಂದ್ರೆ ಗೆದ್ದದ್ದಕ್ಕಲ್ಲ, ಓಟ ಮುಗಿಸಿದವರಿಗೆಲ್ಲ ಕೊಡೋದು. ಗುಜರಿಯವನಿಗೆ ಹಾಕಿದ್ರೆ ಒಂದು ಊಟದ ದುಡ್ಡೂ ಬರಲಿಕ್ಕಿಲ್ಲ. ಆದ್ರೂ ನನಗೆ ತೆಗೆಯೋಕೆ ಮನಸ್ಸು ಬರಲ್ಲ.

ಯಾಕೆ ಅಂತ ಹೇಳ್ತೀನಿ. ಅದರಲ್ಲಿ ಮೊದಲನೆಯದು ಒಂದು 10 ಕಿಲೋಮೀಟರ್ ಓಟದ್ದು. ಆ ದಿನ ನಮ್ಮಪ್ಪ ಬೆಳಿಗ್ಗೆ ನಾಲ್ಕೂವರೆಗೆ ಎದ್ದು ನನ್ನ ಜೊತೆ ಬಂದಿದ್ರು. ಓಟ ಮುಗಿಯೋ ಜಾಗದಲ್ಲಿ ಫ್ಲಾಸ್ಕಲ್ಲಿ ಕಾಫಿ ಹಿಡ್ಕೊಂಡು ನಿಂತಿದ್ರು. ಅವರು ಈಗ ಕರ್ತನ ಸನ್ನಿಧಿಯಲ್ಲಿದ್ದಾರೆ. ಆ ಪದಕ ಮುಟ್ಟಿದ್ರೆ ನನಗೆ ಆ ಕಾಫಿ ವಾಸನೆ ಬರುತ್ತೆ. ಅದಕ್ಕೆ ಪದಕ ಬರೀ ತಗಡು, ಬಿಸಾಕಿ ಅಂತ ನಾನು ಈ ಬೆಳಿಗ್ಗೆ ಪ್ರಸಂಗ ಮಾಡೋಕೆ ಬಂದಿಲ್ಲ.

ಇನ್ನೊಂದು ಪದಕ ಇದೆ. ಅದರ ವಿಷಯ ಕೊನೆಯಲ್ಲಿ ಹೇಳ್ತೀನಿ. ಅದು ಹೇಳೋದು ನನಗೆ ಸುಲಭ ಅಲ್ಲ. ಅದಕ್ಕಿಂತ ಮುಂಚೆ ಒಬ್ಬ ದೇವಸೇವಕನ ಜೀವನ ನಿಮ್ಮ ಮುಂದೆ ಇಡಬೇಕು. ಅವರ ಹೆಸರು ಎರಿಕ್ ಲಿಡೆಲ್. 1981ರಲ್ಲಿ ಬಂದ ಚಾರಿಯಟ್ಸ್ ಆಫ್ ಫೈರ್ ಸಿನಿಮಾ ನೋಡಿದವರಿಗೆ ಹೆಸರು ಗೊತ್ತಿರುತ್ತೆ. ಆದ್ರೆ ಸಿನಿಮಾ ಎಲ್ಲಿ ನಿಲ್ಲುತ್ತೋ ಅಲ್ಲಿಂದಲೇ ಅವರ ನಿಜವಾದ ಓಟ ಶುರುವಾಗೋದು.

ಎರಿಕ್ ಹುಟ್ಟಿದ್ದು 1902ರ ಜನವರಿ 16ರಂದು, ಚೀನಾ ದೇಶದ ಟಿಯಾಂಜಿನ್ ಪಟ್ಟಣದಲ್ಲಿ. ತಂದೆತಾಯಿ ಸ್ಕಾಟ್ಲೆಂಡಿನವರು, ಲಂಡನ್ ಮಿಷನರಿ ಸೊಸೈಟಿಯ ಮಿಷನರಿಗಳು. ಇಲ್ಲಿ ನಮಗೂ ಒಂದು ನಂಟಿದೆ. ಇದೇ ಸೊಸೈಟಿ ಅದಕ್ಕೂ ಸುಮಾರು 90 ವರ್ಷ ಮುಂಚೆ ಜಾನ್ ಹ್ಯಾಂಡ್ಸ್ ಎಂಬ ಸೇವಕರನ್ನು ನಮ್ಮ ಬಳ್ಳಾರಿಗೆ ಕಳುಹಿಸಿತ್ತು. ದೇವರ ವಾಕ್ಯವನ್ನು ಕನ್ನಡಕ್ಕೆ ತರಲು ಮೊದಮೊದಲು ಕಷ್ಟಪಟ್ಟವರಲ್ಲಿ ಅವರು ಒಬ್ಬರು. ಇವತ್ತು ನಿಮ್ಮ ಮೊಬೈಲಲ್ಲಿ ಕನ್ನಡ ಬೈಬಲ್ ಇದೆ ಅಂದ್ರೆ, ಆ ಹಾದಿಯಲ್ಲಿ ಅವರ ಹೆಜ್ಜೆಯೂ ಇದೆ.

ಎರಿಕ್ ಚಿಕ್ಕ ಹುಡುಗನಾಗಿದ್ದಾಗಲೇ ಅವರನ್ನೂ ಅಣ್ಣ ರಾಬ್ ಅವರನ್ನೂ ಲಂಡನ್ನಿನಲ್ಲಿ ಮಿಷನರಿಗಳ ಮಕ್ಕಳಿಗಾಗಿ ಇದ್ದ ವಸತಿ ಶಾಲೆಗೆ ಸೇರಿಸಿ ತಂದೆತಾಯಿ ಚೀನಾಕ್ಕೆ ಮರಳಿದರು. ಹಾಸ್ಟೆಲಿನಲ್ಲಿ ಬೆಳೆದವರಿಗೆ ಆ ವೇದನೆ ಗೊತ್ತು. ವರ್ಷಗಟ್ಟಲೆ ಅಮ್ಮನ ಮುಖ ನೋಡದೆ ಬೆಳೆದ ಹುಡುಗ. ಓದಿನಲ್ಲಿ ಪರವಾಗಿಲ್ಲ, ಆಟದಲ್ಲಿ ಮಾತ್ರ ಎಲ್ಲರಿಗಿಂತ ಮುಂದೆ. 1920ರಲ್ಲಿ ಎಡಿನ್‌ಬರ್ಗ್ ವಿಶ್ವವಿದ್ಯಾಲಯಕ್ಕೆ ವಿಜ್ಞಾನ ಓದಲು ಸೇರಿದರು. ಸ್ಕಾಟ್ಲೆಂಡ್ ತಂಡಕ್ಕೆ ಏಳು ಅಂತರರಾಷ್ಟ್ರೀಯ ರಗ್ಬಿ ಪಂದ್ಯ ಆಡಿದರು. ಆಮೇಲೆ ರಗ್ಬಿ ಬಿಟ್ಟು ಓಟಕ್ಕೇ ನಿಂತರು. ಅವರು ಓಡುವ ರೀತಿ ನೋಡೋಕೆ ಚೆನ್ನಾಗಿರಲಿಲ್ಲ. ತಲೆ ಹಿಂದಕ್ಕೆ ವಾಲುತ್ತಿತ್ತು, ಬಾಯಿ ತೆರೆದಿರುತ್ತಿತ್ತು, ಕೈಗಳು ಗಾಳಿಯಲ್ಲಿ ಬೀಸಾಡುತ್ತಿದ್ದವು. ಆದರೆ 1923ರಲ್ಲಿ ಅವರು 100 ಗಜವನ್ನು 9.7 ಸೆಕೆಂಡಿನಲ್ಲಿ ಓಡಿದರು. ಬ್ರಿಟನ್ನಿನಲ್ಲಿ ಆ ದಾಖಲೆ ಬಹಳ ವರ್ಷ ಹಾಗೇ ಉಳಿಯಿತು.

ಅದೇ ವರ್ಷ ಸ್ಟೋಕ್ ಎಂಬಲ್ಲಿ 440 ಗಜದ ಓಟ. ಆರಂಭದಲ್ಲೇ ಇನ್ನೊಬ್ಬ ಓಟಗಾರನ ಮೈ ತಗುಲಿ ಎರಿಕ್ ಟ್ರ್ಯಾಕಿನಿಂದ ಹೊರಗೆ ಬಿದ್ದರು. ಉಳಿದವರೆಲ್ಲ ಸುಮಾರು 20 ಗಜ ಮುಂದೆ ಹೋಗಿಬಿಟ್ಟರು. ಎದ್ದರು, ಓಡಿದರು, ಒಬ್ಬೊಬ್ಬರನ್ನೇ ದಾಟಿ ಗೆದ್ದರು. ಗೆರೆ ದಾಟಿದ ಮೇಲೆ ಅಲ್ಲೇ ಕುಸಿದರು. ಬಿದ್ದವರು ಯಾರಾದ್ರೂ ಇವತ್ತು ಇಲ್ಲಿದ್ರೆ ಇದನ್ನ ನೆನಪಿಟ್ಕೊಳ್ಳಿ. ಬಿದ್ದ ಜಾಗವೇ ಓಟದ ಕೊನೆ ಅಲ್ಲ. ಆಮೆನ್?

ಆದ್ರೆ ಆ ವರ್ಷದ ದೊಡ್ಡ ಸಂಗತಿ ಇದಲ್ಲ. ಎರಿಕ್ ತುಂಬ ನಾಚಿಕೆ ಸ್ವಭಾವದವರು. ಜನರ ಮುಂದೆ ಮಾತಾಡೋದಂದ್ರೆ ಅವರಿಗೆ ಆಗುತ್ತಿರಲಿಲ್ಲ. 1923ರ ಏಪ್ರಿಲ್‌ನಲ್ಲಿ ಆರ್ಮಡೇಲ್ ಎಂಬ ಕಲ್ಲಿದ್ದಲು ಗಣಿಯ ಊರಿನಲ್ಲಿ ಒಂದು ಸುವಾರ್ತಾ ಕೂಟ ಇತ್ತು. ಗಣಿ ಕಾರ್ಮಿಕರು ಬರಬೇಕಾದರೆ ಹೆಸರಿರುವ ಆಟಗಾರ ಬೇಕು ಅಂತ ಡಿ. ಪಿ. ಥಾಮ್ಸನ್ ಎಂಬ ಸುವಾರ್ತಿಕರು ಎರಿಕ್ ಅವರನ್ನು ಕರೆದರು. ಎರಿಕ್ ಒಪ್ಪಿಕೊಂಡರು. ಸುಮಾರು 80 ಜನರ ಮುಂದೆ ನಿಂತು, ದೊಡ್ಡ ಪ್ರಸಂಗ ಏನೂ ಮಾಡದೆ, ತನಗೆ ಕ್ರಿಸ್ತನು ಯಾರು ಅಂತ ಸರಳವಾಗಿ ಸಾಕ್ಷಿ ಹೇಳಿದರು. ಅಲ್ಲಿಂದ ಅವರ ಹೆಸರು, ಅವರ ಓಟ, ಅವರ ಪದಕ ಎಲ್ಲವೂ ಸುವಾರ್ತೆಯ ಕೆಲಸಕ್ಕೆ ಬಂದವು. ಪದಕಕ್ಕೆ ಇಂಥದ್ದೊಂದು ಒಳ್ಳೆ ಉಪಯೋಗವೂ ಇದೆ. ಅದು ಒಂದು ಬಾಗಿಲು ತೆರೆಯುತ್ತೆ. ಒಳಗೆ ಹೋದ ಮೇಲೆ ನಾವು ಯಾರ ಬಗ್ಗೆ ಮಾತಾಡ್ತೀವಿ ಅನ್ನೋದೇ ಪ್ರಶ್ನೆ.

1924. ಪ್ಯಾರಿಸ್ ಒಲಿಂಪಿಕ್ಸ್. ಎರಿಕ್ ಅವರ ಓಟ 100 ಮೀಟರ್, ಬ್ರಿಟನ್ ಅವರ ಮೇಲೆ ಭರವಸೆ ಇಟ್ಟಿತ್ತು. ವೇಳಾಪಟ್ಟಿ ನೋಡಿದರೆ 100 ಮೀಟರಿನ ಮೊದಲ ಸುತ್ತುಗಳು ಜುಲೈ 6, ಭಾನುವಾರ. ಎರಿಕ್ ಓಡುವುದಿಲ್ಲ ಎಂದರು. ಸಿನಿಮಾದಲ್ಲಿ ಹಡಗು ಹತ್ತುವಾಗ ಅವರಿಗೆ ವಿಷಯ ತಿಳಿದ ಹಾಗೆ ತೋರಿಸಿದ್ದಾರೆ. ನಿಜವಾಗಿ ತಿಂಗಳುಗಳ ಮುಂಚೆಯೇ ಗೊತ್ತಿತ್ತು. ಅಂದ್ರೆ ಅದು ಆ ಕ್ಷಣದ ಆವೇಶ ಅಲ್ಲ. ಒತ್ತಡ ಬಂತು, ಟೀಕೆ ಬಂತು, ಯೋಚನೆ ಮಾಡೋಕೆ ಬೇಕಾದಷ್ಟು ಸಮಯವೂ ಇತ್ತು. ಆದರೂ ಅವರು ಕದಲಲಿಲ್ಲ. ರಿಲೇ ಓಟಗಳನ್ನೂ ಅದೇ ಕಾರಣಕ್ಕೆ ಬಿಟ್ಟರು. ಸಿಕ್ಕ ತಿಂಗಳುಗಳಲ್ಲಿ ಸುಮ್ಮನೆ ಕೂರಲಿಲ್ಲ. ತಮ್ಮದಲ್ಲದ 400 ಮೀಟರಿಗೆ ತಯಾರಿ ಮಾಡಿಕೊಂಡರು.

ಆ ಭಾನುವಾರ ಅವರು ಟ್ರ್ಯಾಕಿಗೆ ಇಳಿಯಲಿಲ್ಲ. 100 ಮೀಟರಿನ ಚಿನ್ನ ಅವರದೇ ತಂಡದ ಹೆರಾಲ್ಡ್ ಅಬ್ರಹಾಮ್ಸ್ ಅವರಿಗೆ ಹೋಯಿತು. 200 ಮೀಟರಿನಲ್ಲಿ ಎರಿಕ್ ಮೂರನೆಯವರಾಗಿ ಕಂಚು ಪಡೆದರು. ಜುಲೈ 11, ಶುಕ್ರವಾರ, 400 ಮೀಟರ್ ಫೈನಲ್. ಆ ದಿನ ಬೆಳಿಗ್ಗೆ ತಂಡದ ಮೈ ತಿಕ್ಕುವವರೊಬ್ಬರು ಅವರಿಗೆ ಮಡಿಸಿದ ಒಂದು ಚೀಟಿ ಕೊಟ್ಟರು. ಅದರಲ್ಲಿ 1 ಸಮುವೇಲ 2ನೇ ಅಧ್ಯಾಯ 30ನೇ ವಚನದ ಮಾತು ಇತ್ತು. ದೇವರಿಗೆ ಗೌರವ ಕೊಟ್ಟವನ ಗೌರವ ದೇವರ ಕೈಯಲ್ಲೇ ಇದೆ ಅನ್ನೋ ಅರ್ಥದ ಮಾತು. ಎರಿಕ್ ಅವರಿಗೆ ಸಿಕ್ಕಿದ್ದು ಎಲ್ಲಕ್ಕಿಂತ ಹೊರಗಿನ ಲೇನ್. ಅಲ್ಲಿ ಓಡುವವನಿಗೆ ಬೇರೆ ಯಾರೂ ಕಾಣಿಸುವುದಿಲ್ಲ. ಅವರು ಮೊದಲ ಹೆಜ್ಜೆಯಿಂದಲೇ 100 ಮೀಟರ್ ಓಡುವವರ ಹಾಗೆ ಓಡಿದರು. ಕೊನೆಯಲ್ಲಿ ಸೋಲುತ್ತಾರೆ ಅಂತ ಎಲ್ಲರೂ ಅಂದುಕೊಂಡರು, ಸೋಲಲಿಲ್ಲ. 47.6 ಸೆಕೆಂಡ್. ಒಲಿಂಪಿಕ್ ದಾಖಲೆ. ಹಲ್ಲೆಲೂಯಾ!

ಆದ್ರೆ ಇಲ್ಲಿ ಸ್ವಲ್ಪ ನಿಲ್ಲಿ. ನಾವು ಯೌವನಸ್ಥರ ಕೂಟದಲ್ಲಿ ಈ ಕಥೆ ಹೇಳಿದಾಗೆಲ್ಲ ಇಲ್ಲೇ ಚಪ್ಪಾಳೆ ತಟ್ಟಿ ಮುಗಿಸ್ತೀವಿ. ಭಾನುವಾರ ಬಿಟ್ಟರೆ ದೇವರು ಶುಕ್ರವಾರ ಚಿನ್ನ ಕೊಡ್ತಾನೆ ಅಂತ. ಅದು ಸುವಾರ್ತೆ ಅಲ್ಲ ಪ್ರಿಯರೇ, ಅದು ವ್ಯಾಪಾರ. ಎರಿಕ್ ಶುಕ್ರವಾರ ಕೊನೆಯವರಾಗಿ ಬಂದಿದ್ದರೂ ಭಾನುವಾರದ ತೀರ್ಮಾನ ಸರಿಯೇ ಆಗಿರುತ್ತಿತ್ತು. ಅದಕ್ಕೇ ಪದಕದ ನಂತರ ಏನಾಯ್ತು ಅಂತ ನೋಡಬೇಕು.

ಆ ಕಾಲದಲ್ಲಿ ಈಗಿನ ಹಾಗೆ ವೇದಿಕೆ ಹತ್ತಿಸಿ ಕೊರಳಿಗೆ ಪದಕ ಹಾಕುವ ಪದ್ಧತಿ ಒಲಿಂಪಿಕ್ಸಿನಲ್ಲಿ ಇರಲಿಲ್ಲ. ಆ ಚಿನ್ನದ ಪದಕವೂ ಪೂರ್ತಿ ಚಿನ್ನ ಅಲ್ಲ, ಚಿನ್ನದ ನೀರು ಕುಡಿಸಿದ ಬೆಳ್ಳಿ. ಅದೇ ತಿಂಗಳಲ್ಲಿ ಎಡಿನ್‌ಬರ್ಗಿನಲ್ಲಿ ಅವರ ಪದವಿ ಪ್ರದಾನ ನಡೆಯಿತು. ವಿಶ್ವವಿದ್ಯಾಲಯದವರು ಹಳೆಯ ಗ್ರೀಕರ ಹಾಗೆ ಅವರ ತಲೆಗೆ ಎಲೆಯ ಕಿರೀಟ ಇಟ್ಟರು, ವಿದ್ಯಾರ್ಥಿಗಳು ಹೆಗಲ ಮೇಲೆ ಹೊತ್ತು ಮೆರೆಸಿದರು. ಪೌಲನು ಹೇಳಿದ ಅದೇ ಬಾಡುವ ಕಿರೀಟ! ಆಗ ಅವರಿಗೆ 22 ವರ್ಷ. ಮುಂದಿನ ಒಲಿಂಪಿಕ್ಸ್ ಇತ್ತು, ಹೆಸರಿತ್ತು, ದೇಶವೇ ಅವರ ಹಿಂದೆ ಇತ್ತು.

ಒಂದು ವರ್ಷ ದೇವಶಾಸ್ತ್ರ ಓದಿಕೊಂಡು 1925ರಲ್ಲಿ ಅವರು ಚೀನಾಕ್ಕೆ ಹೊರಟರು. ಬೀಳ್ಕೊಡಲು ಬಂದ ಜನ ಅವರ ಗಾಡಿಯನ್ನು ತಾವೇ ಎಳೆದುಕೊಂಡು ರೈಲ್ವೆ ನಿಲ್ದಾಣಕ್ಕೆ ಕರೆದುಕೊಂಡು ಹೋದರು. ಟಿಯಾಂಜಿನ್‌ನ ಆಂಗ್ಲೋ ಚೈನೀಸ್ ಕಾಲೇಜಿನಲ್ಲಿ ವಿಜ್ಞಾನ ಕಲಿಸುವ ಮೇಷ್ಟ್ರಾದರು. ಹುಡುಗರಿಗೆ ಪಾಠ, ಸಂಜೆ ಆಟ, ಭಾನುವಾರ ಸಂಡೇ ಸ್ಕೂಲ್. ಹತ್ತು ವರ್ಷಕ್ಕೂ ಹೆಚ್ಚು ಕಾಲ ಅದೇ ಕೆಲಸ. ಅಲ್ಲಿ ಯಾರೂ ದಿನಾ ಚಪ್ಪಾಳೆ ತಟ್ಟುತ್ತಿರಲಿಲ್ಲ. 1932ರಲ್ಲಿ ಬೋಧಕರಾಗಿ ಅಭಿಷೇಕ ಹೊಂದಿದರು. 1934ರಲ್ಲಿ ಕೆನಡಾದ ಮಿಷನರಿ ಕುಟುಂಬದ ಫ್ಲಾರೆನ್ಸ್ ಮೆಕೆಂಜಿ ಅವರನ್ನು ಮದುವೆಯಾದರು. ಪೆಟ್ರೀಷಿಯಾ, ಹೆದರ್ ಎಂಬ ಇಬ್ಬರು ಹೆಣ್ಣುಮಕ್ಕಳು ಹುಟ್ಟಿದರು.

ಆಮೇಲೆ ಯುದ್ಧ. ಜಪಾನ್ ಸೈನ್ಯ ಉತ್ತರ ಚೀನಾದೊಳಗೆ ನುಗ್ಗಿತ್ತು. ಸಿಯಾವೋಚಾಂಗ್ ಎಂಬ ಹಳ್ಳಿ ಪ್ರದೇಶದಲ್ಲಿ ಸೇವಕರು ಬೇಕಾಗಿದ್ದರು. ಅಣ್ಣ ರಾಬ್ ಅಲ್ಲಿನ ಆಸ್ಪತ್ರೆಯಲ್ಲಿ ಡಾಕ್ಟರು. ಎರಿಕ್ ಕಾಲೇಜು ಬಿಟ್ಟು, ಹೆಂಡತಿ ಮಕ್ಕಳನ್ನು ಪಟ್ಟಣದಲ್ಲೇ ಬಿಟ್ಟು ಅಲ್ಲಿಗೆ ಹೋದರು. ಸೈಕಲ್ ತುಳಿದುಕೊಂಡು ಹಳ್ಳಿಯಿಂದ ಹಳ್ಳಿಗೆ ಸುವಾರ್ತೆ. ಒಂದು ಸಲ ಗಾಯಗೊಂಡ ಇಬ್ಬರನ್ನು ಗಾಡಿಯಲ್ಲಿ ಮಲಗಿಸಿಕೊಂಡು, ಸೈನಿಕರು ಓಡಾಡುವ ದಾರಿಯಲ್ಲೇ ಮೈಲಿಗಟ್ಟಲೆ ನಡೆದು ಆಸ್ಪತ್ರೆಗೆ ತಲುಪಿಸಿದರು. ಒಬ್ಬ ತೀರಿಕೊಂಡ. ಇನ್ನೊಬ್ಬ ಬದುಕಿದ. ಲೋಕದ ಅತಿ ವೇಗದ ಕಾಲುಗಳು ಈಗ ಎತ್ತಿನ ಗಾಡಿಯ ನಡಿಗೆಯಲ್ಲಿ ನಡೆಯುತ್ತಿದ್ದವು. ಯಾರೂ ಗಡಿಯಾರ ಹಿಡಿದು ಸಮಯ ಬರೆದುಕೊಳ್ಳಲಿಲ್ಲ. ಆದ್ರೆ ಪರಲೋಕದಲ್ಲಿ ಅದು ಬರೆದಿದೆ ಅಂತ ನಾನು ನಂಬ್ತೀನಿ.

1941ರಲ್ಲಿ ಅಪಾಯ ಹೆಚ್ಚಾಯಿತು. ಗರ್ಭಿಣಿಯಾಗಿದ್ದ ಫ್ಲಾರೆನ್ಸ್ ಮತ್ತು ಇಬ್ಬರು ಮಕ್ಕಳನ್ನು ಕೆನಡಾಕ್ಕೆ ಹಡಗು ಹತ್ತಿಸಿ ಎರಿಕ್ ಒಬ್ಬರೇ ಉಳಿದರು. ಮೂರನೇ ಮಗಳು ಮೌರೀನ್ ಕೆನಡಾದಲ್ಲಿ ಹುಟ್ಟಿದಳು. ಅಪ್ಪ ಆ ಮಗುವಿನ ಮುಖ ಒಂದು ದಿನವೂ ನೋಡಲಿಲ್ಲ. ಹಾಸ್ಟೆಲಿನಲ್ಲಿ ಅಪ್ಪ ಅಮ್ಮನಿಲ್ಲದೆ ಬೆಳೆದವರು, ಈಗ ತಮ್ಮ ಮಕ್ಕಳಿಂದಲೇ ದೂರ. ಇದಕ್ಕೆ ಯಾವ ಪದಕವೂ ಸಮ ಅಲ್ಲ.

1943ರ ಮಾರ್ಚ್‌ನಲ್ಲಿ ಜಪಾನಿಯರು ಅವರನ್ನು ವೈಶಿಯನ್ ಬಂಧನ ಶಿಬಿರಕ್ಕೆ ಕಳುಹಿಸಿದರು. ಸಾವಿರಕ್ಕೂ ಹೆಚ್ಚು ಜನ, ಒಂದು ಇಕ್ಕಟ್ಟಾದ ಕಾಂಪೌಂಡ್, ಅರೆಹೊಟ್ಟೆ ಊಟ. ತಂದೆತಾಯಿಯಿಂದ ಬೇರೆಯಾದ ಮಿಷನರಿ ಮಕ್ಕಳು ಅಲ್ಲಿ ಬಹಳ ಇದ್ದರು. ಅವರೆಲ್ಲರಿಗೆ ಎರಿಕ್ ಅಂಕಲ್ ಆದರು. ಪ್ರಯೋಗಶಾಲೆ ಇಲ್ಲದ ಕಡೆ ಉಪಕರಣಗಳ ಚಿತ್ರ ಬರೆದು ಕೆಮಿಸ್ಟ್ರಿ ಕಲಿಸಿದರು. ಮುರಿದ ಹಾಕಿ ಕೋಲುಗಳಿಗೆ ಬಟ್ಟೆ ಸುತ್ತಿ ಸರಿಮಾಡಿ ಆಡಿಸಿದರು. ವಯಸ್ಸಾದವರಿಗೆ ಕಲ್ಲಿದ್ದಲು, ನೀರು ಹೊತ್ತುಕೊಟ್ಟರು.

ಈಗ ಒಂದು ವಿಷಯ ಗಮನಿಸಿ ಕೇಳಿ. ಭಾನುವಾರ ಆಟ ಬೇಡ ಎಂದೇ ಅವರು ಅಲ್ಲಿಯೂ ಹೇಳಿದ್ದರು. ಮಕ್ಕಳು ತಾವೇ ಭಾನುವಾರ ಹಾಕಿ ಆಡಲು ಹೋಗಿ ಜಗಳವಾಡಿ ಹೊಡೆದಾಡಿಕೊಂಡರು, ನೋಡಿಕೊಳ್ಳುವವರು ಯಾರೂ ಇರಲಿಲ್ಲ. ಮುಂದಿನ ಭಾನುವಾರ ರೆಫರಿಯಾಗಿ ಮೈದಾನಕ್ಕೆ ಬಂದವರು ಯಾರು? ಎರಿಕ್ ಲಿಡೆಲ್! ತನಗೋಸ್ಕರ, ಒಲಿಂಪಿಕ್ ಚಿನ್ನಕ್ಕೋಸ್ಕರ ಮುರಿಯದ ನಿಯಮವನ್ನು ತಂದೆತಾಯಿ ಜೊತೆಗಿಲ್ಲದ ಮಕ್ಕಳಿಗೋಸ್ಕರ ಬಿಟ್ಟುಕೊಟ್ಟರು. ಅವರಿಗೆ ದಿನ ದೊಡ್ಡದಾಗಿರಲಿಲ್ಲ, ಆ ದಿನದ ಕರ್ತನು ದೊಡ್ಡವನಾಗಿದ್ದನು.

ಶಿಬಿರದಲ್ಲಿ ಸ್ಟೀಫನ್ ಮೆಟ್‌ಕಾಫ್ ಎಂಬ 17 ವರ್ಷದ ಹುಡುಗನಿದ್ದ. ಚಳಿಗಾಲದಲ್ಲಿ ಅವನ ಕಾಲಿನ ಶೂ ಹರಿದುಹೋಗಿತ್ತು. ಎರಿಕ್ ತಮ್ಮ ಓಟದ ಶೂ ಹಳೆಯದಾಗಿದ್ದರೂ ದಾರದಿಂದ ಸರಿಪಡಿಸಿ ತಂದು ಅವನಿಗೆ ಕೊಟ್ಟರು. ಅದಕ್ಕಿಂತ ಹೆಚ್ಚಿನದನ್ನೂ ಕೊಟ್ಟಿದ್ದರು, ಶತ್ರುಗಳಿಗಾಗಿ, ಕಾವಲಿಗಿದ್ದ ಜಪಾನಿಯರಿಗಾಗಿ ಪ್ರಾರ್ಥಿಸುವುದನ್ನು ಕಲಿಸಿದ್ದರು. ಶೂ ಕೊಟ್ಟ ಕೆಲವು ವಾರಗಳಲ್ಲಿ, 1945ರ ಫೆಬ್ರವರಿ 21ರಂದು, ಮಿದುಳಿನ ಗೆಡ್ಡೆಯಿಂದ ಎರಿಕ್ ತೀರಿಕೊಂಡರು. 43 ವರ್ಷ ಅಷ್ಟೇ. ಅಲ್ಲೇ ಶಿಬಿರದಲ್ಲಿ ಹೂಳಿ ಒಂದು ಮರದ ಶಿಲುಬೆ ನೆಟ್ಟರು. ಆರು ತಿಂಗಳೊಳಗೆ ಶಿಬಿರಕ್ಕೆ ಬಿಡುಗಡೆಯಾಯಿತು. ಆ ಹುಡುಗ ಮೆಟ್‌ಕಾಫ್ ಮುಂದೆ ಯಾವ ದೇಶಕ್ಕೆ ಮಿಷನರಿಯಾಗಿ ಹೋದರು ಗೊತ್ತಾ? ಜಪಾನಿಗೆ. ಸುಮಾರು ನಾಲ್ಕು ದಶಕ ಅಲ್ಲಿ ಸೇವೆ ಮಾಡಿದರು.

ಒಲಿಂಪಿಕ್ ಪದಕ ಎರಿಕ್ ಅವರ ಬಳಿಯೇ ಇಟ್ಟುಕೊಳ್ಳುವಂಥದ್ದು. ಶೂ ಇನ್ನೊಬ್ಬರ ಕಾಲಿಗೆ ಹೋಗುವಂಥದ್ದು. ಓಟವನ್ನು ಮುಂದುವರಿಸಿದ್ದು ಶೂ.

ಈಗ ನನ್ನ ಇನ್ನೊಂದು ಪದಕದ ವಿಷಯ. ಮೂರು ವರ್ಷದ ಹಿಂದೆ ಒಂದು ಹಾಫ್ ಮ್ಯಾರಥಾನ್. ನಮ್ಮ ಬೆಂಗಳೂರಲ್ಲಿ ಓಟಗಳೆಲ್ಲ ಹೆಚ್ಚಾಗಿ ಭಾನುವಾರ ಬೆಳಿಗ್ಗೆನೇ ಇರೋದು, ನಿಮಗೆ ಗೊತ್ತು. ಆ ವಾರ ನಮ್ಮ ಸಭೆಯ ಒಬ್ಬ ತಮ್ಮ ನನಗೆ ಮೆಸೇಜ್ ಮಾಡಿದ್ದ. ಭಾನುವಾರ ಆರಾಧನೆ ಆದ್ಮೇಲೆ ಅಣ್ಣ, ನಿಮ್ಮ ಹತ್ರ ಸ್ವಲ್ಪ ಮಾತಾಡಬೇಕು ಅಂತ. ನಾನು ಮುಂದಿನ ವಾರ ಸಿಗೋಣ ಅಂದೆ. ಓಟ ಇತ್ತಲ್ಲ, ಹೆಸರು ಕೊಟ್ಟು ಹಣ ಕಟ್ಟಾಗಿತ್ತು. ಎರಡು ಗಂಟೆಯೊಳಗೆ ಮುಗಿಸಿದೆ. ಪದಕ ಹಾಕ್ಕೊಂಡು ಫೋಟೊ ಹಾಕಿದೆ. ಸಂಜೆ ಅವನಿಗೆ ಫೋನ್ ಮಾಡಿದ್ರೆ ಅವನು ಬಸ್ಸಲ್ಲಿದ್ದ. ಕೆಲಸ ಹೋಗಿತ್ತಂತೆ, ರೂಮ್ ಖಾಲಿ ಮಾಡಿ ಊರಿಗೆ ಹೊರಟಿದ್ದ. ಬೈಯಲಿಲ್ಲ. ಅಣ್ಣ, ಓಟ ಹೇಗಾಯ್ತು ಅಂತ ಕೇಳಿದ. ಅವನು ಇವತ್ತಿನವರೆಗೂ ಯಾವ ಸಭೆಗೂ ಹೋಗ್ತಿಲ್ಲ. ನಾನು ಫೋನ್ ಮಾಡ್ತಾನೇ ಇದ್ದೀನಿ. ಕೆಲವೊಮ್ಮೆ ಎತ್ತುತ್ತಾನೆ.

ನನ್ನ ತಪ್ಪು ಭಾನುವಾರ ಓಡಿದ್ದು ಮಾತ್ರ ಅಲ್ಲ. ಒಬ್ಬ ತಮ್ಮನಿಗಿಂತ ಆ ತಗಡು ನನಗೆ ದೊಡ್ಡದಾಯ್ತಲ್ಲ, ಅದು.

ಸತ್ಯವೇದದಲ್ಲಿ ನೆನಪಿನ ವಸ್ತುಗಳು ಎರಡು ಥರ ಇವೆ. 1 ಸಮುವೇಲ 7ರಲ್ಲಿ ಸಮುವೇಲನು ಒಂದು ಕಲ್ಲು ನಿಲ್ಲಿಸಿ ಎಬೆನೆಜೆರ್ ಎಂದು ಹೆಸರಿಟ್ಟನು. ಇಲ್ಲಿವರೆಗೆ ಸಹಾಯ ಮಾಡಿದ್ದು ದೇವರು ಅಂತ ಆ ಕಲ್ಲು ನೆನಪಿಸುತ್ತಿತ್ತು. ಇನ್ನೊಂದು, ಮೋಶೆ ಮಾಡಿದ ಕಂಚಿನ ಸರ್ಪ. ಅದೂ ದೇವರು ಹೇಳಿಯೇ ಮಾಡಿದ್ದು, ಜನರ ಪ್ರಾಣ ಉಳಿಸಿದ್ದು. ಆದ್ರೆ ಶತಮಾನಗಳು ಕಳೆದ ಮೇಲೆ ಜನ ಅದಕ್ಕೇ ಧೂಪ ಹಾಕೋಕೆ ಶುರು ಮಾಡಿದರು. 2 ಅರಸುಗಳು 18ರಲ್ಲಿ ಹಿಜ್ಕೀಯನು ಅದನ್ನು ಚೂರುಚೂರು ಮಾಡಿದನು. ಒಳ್ಳೆಯ ನೆನಪೇ ವಿಗ್ರಹ ಆಗಬಹುದು ಪ್ರಿಯರೇ.

ನಿಮ್ಮ ಮೊಳೆಗೆ ಏನು ತೂಗಾಡ್ತಿದೆ ನನಗೆ ಗೊತ್ತಿಲ್ಲ. ಕೆಲವರಿಗೆ ರ‍್ಯಾಂಕ್ ಸರ್ಟಿಫಿಕೇಟ್, ಕೆಲವರಿಗೆ ಕಂಪನಿಯವರು ಕೊಟ್ಟ ಗಾಜಿನ ಟ್ರೋಫಿ, ಕೆಲವರಿಗೆ ಹತ್ತು ವರ್ಷದ ಹಿಂದೆ ಕ್ವಾಯರಲ್ಲಿ ಹಾಡಿದ ಹೆಸರು. ಬಿಸಾಕಬೇಡಿ. ಮನೆಗೆ ಹೋಗಿ ಒಂದೊಂದಾಗಿ ಕೈಗೆ ತಗೊಂಡು ಕೇಳಿ, ಇದು ನನಗೆ ದೇವರ ಸಹಾಯ ನೆನಪಿಸುತ್ತಾ, ಇಲ್ಲ ನನ್ನನ್ನೇ ನನಗೆ ತೋರಿಸುತ್ತಾ? ಇದಕ್ಕೋಸ್ಕರ ನಾನು ಯಾರನ್ನಾದ್ರೂ ಮುಂದಿನ ವಾರಕ್ಕೆ ತಳ್ಳಿದ್ದೀನಾ? ತಳ್ಳಿದ್ರೆ ಇವತ್ತೇ, ಊಟಕ್ಕೆ ಮುಂಚೆ, ಅವರಿಗೆ ಫೋನ್ ಮಾಡಿ.

ನಾನು ಅಪ್ಪನ ಕಾಫಿಯ ಪದಕ ಇಟ್ಕೊಂಡಿದ್ದೀನಿ. ಅದು ನನ್ನ ಎಬೆನೆಜೆರ್. ಆ ಇನ್ನೊಂದನ್ನೂ ಇಟ್ಕೊಂಡಿದ್ದೀನಿ, ಆದ್ರೆ ಬೇರೆ ಕಾರಣಕ್ಕೆ. ಬಾಗಿಲು ಹಾಕಿದಾಗ ಅದು ಸದ್ದು ಮಾಡುತ್ತೆ, ನಾನು ಆ ತಮ್ಮನ ಹೆಸರು ಹೇಳಿ ಪ್ರಾರ್ಥಿಸ್ತೀನಿ. ಅದಕ್ಕೇ ಡಬ್ಬಕ್ಕೆ ಹಾಕಿಲ್ಲ ಅಂತ ಹೋದ ವಾರ ನನ್ನ ಹೆಂಡತಿಗೂ ಹೇಳಿದೆ. ಅವಳು ಆಮೇಲೆ ಆ ಸದ್ದಿನ ಬಗ್ಗೆ ಮಾತಾಡಿಲ್ಲ.

ಎಲ್ಲರೂ ಕಣ್ಣು ಮುಚ್ಚಿ ಪ್ರಾರ್ಥಿಸೋಣ. ಪರಲೋಕದ ತಂದೆಯೇ, ನೀನು ಕೊಟ್ಟ ಕಾಲುಗಳಿಗಾಗಿ ಸ್ತೋತ್ರ, ಉಸಿರಿಗಾಗಿ ಸ್ತೋತ್ರ. ನಿನ್ನ ಸೇವಕನಾದ ಎರಿಕ್ ಅವರ ಜೀವನಕ್ಕಾಗಿ ಸ್ತೋತ್ರ. ಬಾಡುವ ಕಿರೀಟಗಳನ್ನು ಹಿಡಿದಿರುವ ನಮ್ಮ ಬೆರಳುಗಳನ್ನು ಸ್ವಲ್ಪ ಸಡಿಲ ಮಾಡು. ನಮ್ಮ ಶೂ ಯಾರ ಕಾಲಿಗೆ ಬೇಕಾಗಿದೆಯೋ ಅವರನ್ನು ನಮಗೆ ತೋರಿಸು. ಊರಿಗೆ ಹೋದ ಆ ತಮ್ಮನನ್ನು ನೀನು ಬಿಟ್ಟಿಲ್ಲ ಎಂದು ನಂಬುತ್ತೇವೆ, ಅವನನ್ನು ತಿರುಗಿ ನಿನ್ನ ಮನೆಗೆ ಕರೆದುಕೊಂಡು ಬಾ. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ. ಆಮೆನ್.